ನನ್ನಿಂದ ಆಗದ ಫ್ಲಾಕಾ: ಹಳೆಯ ವಿಂಡ್‌ಸರ್ಫರ್ ಒಬ್ಬನ ಮೆಚ್ಚುಗೆ

ಕೊಯೋಟಿ ಪಾಯಿಂಟ್

ಈ ವೇದಿಕೆಯಲ್ಲಿ ಕ್ರಿಕೆಟ್, ಚಾರಣ, ಸೈಕಲ್ ಎಲ್ಲದರ ಬಗ್ಗೆಯೂ ಓದಿದ್ದೇನೆ. ವಿಂಡ್‌ಸರ್ಫಿಂಗ್ ಬಗ್ಗೆ, ಅಂದರೆ ಹಲಗೆಯ ಮೇಲೆ ನಿಂತು ಹಾಯಿ ಹಿಡಿದು ನೀರಿನ ಮೇಲೆ ಸಾಗುವ ಆಟದ ಬಗ್ಗೆ, ಯಾರೂ ಮನಸ್ಸು ಬಿಚ್ಚಿ ಬರೆದದ್ದು ಕಾಣಲಿಲ್ಲ. ಹಾಗಾಗಿ ನಾನೇ ಶುರು ಮಾಡುತ್ತೇನೆ. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

ನನಗೀಗ ಅರವತ್ತಮೂರು. 1987ರಲ್ಲಿ ಓದಲೆಂದು ಕ್ಯಾಲಿಫೋರ್ನಿಯಕ್ಕೆ ಬಂದೆ. ಅದೇ ಬೇಸಿಗೆಯಲ್ಲಿ ಬರ್ಕ್ಲಿಯ ಕೊಲ್ಲಿಯಲ್ಲಿ ಮೊದಲ ಸಲ ಹಾಯಿ ಎತ್ತಿದೆ. ನೀರಿನಲ್ಲಿ ಮಲಗಿದ ಹಾಯಿಯನ್ನು ಹಗ್ಗ ಹಿಡಿದು ಎಳೆಯುವಾಗ ಅದರ ಮೇಲೆ ನಿಂತ ನೀರು ಜಾರಿ ಹೋಗುವವರೆಗೂ ಕಲ್ಲುಗುಂಡಿನಂತೆ ಭಾರ. ಜಾರಿದ ಮರುಕ್ಷಣ ಹಕ್ಕಿಯ ರೆಕ್ಕೆಯಂತೆ ಹಗುರ. ಆ ಹಗುರವನ್ನು ನನ್ನ ಬೆನ್ನು ಇಂದಿಗೂ ಮರೆತಿಲ್ಲ.

ಮುಂದಿನ ಮೂವತ್ತು ವರ್ಷ ನಾನು ವೇಗಕ್ಕೆ ಒಲಿದವನು. ಹಾಯಿಯ ಎಳೆತವನ್ನು ಸೊಂಟಕ್ಕೆ ಹೊರಿಸುವ ಹಾರ್ನೆಸ್ ಪಟ್ಟಿ ಸಿಕ್ಕಿಸಿಕೊಂಡು, ಮೈಯನ್ನು ಹಿಂದಕ್ಕೆ ಚೆಲ್ಲಿ, ಕೊಲ್ಲಿಯನ್ನು ಒಂದೇ ಗೆರೆಯಲ್ಲಿ ಸೀಳಿಕೊಂಡು ಹೋಗುವುದು, ತಿರುಗಿಸುವುದು, ಮತ್ತೆ ಬರುವುದು. ದಡದ ಹತ್ತಿರ ಹುಡುಗರು ಪುಟ್ಟ ಹಲಗೆಗಳ ಮೇಲೆ ಹಾರಿ, ತಿರುಗಿ, ಬಿದ್ದು, ಮತ್ತೆ ಎದ್ದು ಹಾರುತ್ತಿದ್ದರೆ ನಾನು ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಫ್ರೀಸ್ಟೈಲ್ ಎಂದು ಆ ಆಟಕ್ಕೆ ಹೆಸರು. ಗಾಳಿ ಇರುವಾಗ ಹೋಗಬೇಕಾದದ್ದು ದೂರ, ಇವರೇಕೆ ಇಲ್ಲೇ ಗಿರಕಿ ಹೊಡೆಯುತ್ತಾರೆ ಎಂದುಕೊಳ್ಳುತ್ತಿದ್ದೆ. ಆಗ ಹಾಗೆ ಅಂದುಕೊಂಡದ್ದಕ್ಕೆ ಈಗ ನನಗೆ ನಿಜವಾದ ವಿಷಾದವಿದೆ.

2019ರಲ್ಲಿ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಯಿತು. ಒಂದು ಇಡೀ ಬೇಸಿಗೆ ನೀರಿಗೆ ಇಳಿಯುವಂತಿರಲಿಲ್ಲ. ಮನೆಯಲ್ಲಿ ಕೂರಲಾಗದೆ ಸ್ಯಾಕ್ರಮೆಂಟೊ ನದಿಯ ಶರ್ಮನ್ ಐಲೆಂಡ್‌ಗೆ ಹೋಗಿ ಏರಿಯ ಮೇಲೆ ಕೂತೆ. ಅಲ್ಲಿನ ಗಾಳಿ ಬೇಸಿಗೆಯ ಕೊಡುಗೆ. ಒಳನಾಡಿನ ಕಣಿವೆ ಕಾದು ಬಿಸಿಗಾಳಿ ಮೇಲೇರಿದಷ್ಟೂ ಕಡಲಿನ ತಣ್ಣನೆಯ ಗಾಳಿ ಗೋಲ್ಡನ್ ಗೇಟ್ ಮೂಲಕ ನುಗ್ಗಿ, ನದಿಯ ಇಕ್ಕಟ್ಟಿನಲ್ಲಿ ಬಿರುಸಾಗಿ ಈ ಕಡೆಗೆ ಬರುತ್ತದೆ. ಎದುರು ದಡದ ಗುಡ್ಡಗಳ ಗಾಳಿಯಂತ್ರಗಳು ತಿರುಗುವುದನ್ನು ನೋಡಿಯೇ ಇವತ್ತು ಎಷ್ಟು ಚದರ ಮೀಟರಿನ ಹಾಯಿ ಕಟ್ಟಬೇಕೆಂದು ಹಳಬರು ಹೇಳಿಬಿಡುತ್ತಾರೆ.

ಆ ಬೇಸಿಗೆಯಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ ಜೊಂಡಿನ ಮರೆಯ ಸಪಾಟು ನೀರಿನಲ್ಲಿ ಒಂದೇ ಪಟ್ಟನ್ನು ಮತ್ತೆ ಮತ್ತೆ ಮಾಡುತ್ತಿದ್ದಳು. ನಾನು ಎಣಿಸಿದೆ. ಒಂದು ಮಧ್ಯಾಹ್ನಕ್ಕೆ ನಲವತ್ತೊಂದು ಸಲ. ಮೂವತ್ತೆಂಟು ಸಲ ಬಿದ್ದಳು. ಅದಕ್ಕೆ ಫ್ಲಾಕಾ ಎಂದು ಹೆಸರು ಎಂಬುದು ಆಮೇಲೆ ತಿಳಿಯಿತು. ವೇಗವಾಗಿ ಹೋಗುತ್ತಿರುವಾಗಲೇ ಹಲಗೆಯನ್ನು ನೀರಿನಿಂದ ಚಿಮ್ಮಿಸಿ, ಗಾಳಿ ಬರುವ ದಿಕ್ಕಿಗೇ ಮೂತಿ ತಿರುಗಿಸಬೇಕು. ಹಲಗೆ ಮೂತಿಯ ಮೇಲೆ ಇಳಿದು ಹಿಮ್ಮುಖವಾಗಿ ಜಾರುತ್ತದೆ. ಅಷ್ಟು ಹೊತ್ತಿಗೆ ಗಾಳಿ ಹಾಯಿಯ ತಪ್ಪು ಬದಿಗೆ ಬಿದ್ದಿರುತ್ತದೆ. ಆ ತಪ್ಪು ಗಾಳಿಯನ್ನೇ ತಳ್ಳಿಕೊಂಡು ಸುತ್ತು ಮುಗಿಸಬೇಕು.

ಮೂವತ್ತೊಂಬತ್ತನೆಯ ಸಲ ಅವಳು ಇಳಿದಾಗ ನಾನು ಎದ್ದು ನಿಂತಿದ್ದೆ. ಅವಳ ಎದೆ ಹಲಗೆಯ ಮೂತಿಯ ಮೇಲಿತ್ತು. ಅಷ್ಟೇ ವ್ಯತ್ಯಾಸ. ಮೂವತ್ತೆಂಟು ಸಲವೂ ಕೊನೆಯ ಗಳಿಗೆಯಲ್ಲಿ ಮೈ ಹಿಂದಕ್ಕೆ ವಾಲಿತ್ತು. ನಾವೆಲ್ಲ ಮೊದಲ ದಿನದಿಂದ ಕಲಿಯುವುದೇ ಅದು: ಗಾಳಿ ಎಳೆದರೆ ಹಿಂದಕ್ಕೆ ವಾಲು. ಮೂಳೆಗೆ ಇಳಿದ ಆ ಪಾಠವನ್ನು ಅರೆಕ್ಷಣದಲ್ಲಿ ಬಿಟ್ಟುಕೊಟ್ಟು, ಹೆದರಿಕೆ ಹಿಂದಕ್ಕೆ ಎಳೆಯುವಾಗ ಮುಂದಕ್ಕೆ ಹೋಗಬೇಕು. ಹಾಗೆ ಹೋದರೆ ಮಾತ್ರ ಹಲಗೆಯ ತಳದಲ್ಲಿ ಹಿಂದೆ ಇರುವ ಫಿನ್ ಎಂಬ ರೆಕ್ಕೆ ಮೇಲೆದ್ದು ಹಲಗೆ ಜಾರುತ್ತದೆ. ಇಲ್ಲವಾದರೆ ಫಿನ್ ನೀರನ್ನು ಕಚ್ಚಿ ಸವಾರ ನೀರುಪಾಲು.

ಫ್ಲಾಕಾ ನನ್ನಿಂದ ಆಗುವುದಿಲ್ಲ. ಈ ಮೊಣಕಾಲಿನಲ್ಲಿ ಎಂದೂ ಆಗುವುದಿಲ್ಲ. ಆದರೆ ಮೂವತ್ತು ವರ್ಷ ಗಾಳಿಯ ಎಳೆತವನ್ನು ತೋಳಿನಲ್ಲಿ ತಿಂದವನಾದ್ದರಿಂದ ಆ ಅರೆಕ್ಷಣದಲ್ಲಿ ಅವಳ ಮೈಯಲ್ಲಿ ಏನು ನಡೆಯಿತೆಂದು ನನ್ನ ಮೈಗೆ ಗೊತ್ತಾಯಿತು. ಮಾಡಲಾಗದವನು ಹೀಗೆ ನೋಡುವುದೂ ಆಟದೊಳಗೆ ಇರುವ ಒಂದು ಬಗೆ ಎಂದು ನನಗೆ ಆವತ್ತಿನಿಂದ ಅನ್ನಿಸುತ್ತಿದೆ. ನಿಮಗೇನನ್ನಿಸುತ್ತದೆ?


ಮೈಸೂರು ಓದುಗ

ಸರ್, ಕಡಲು ಕಂಡದ್ದು ಮುರುಡೇಶ್ವರದಲ್ಲಿ ಎರಡು ಬಾರಿ, ಅಷ್ಟೆ. ಆದರೂ ಪೂರ್ತಿ ಓದಿದೆ. ಒಂದು ಮೂಲಭೂತ ಪ್ರಶ್ನೆ. ಹಾಯಿದೋಣಿಗೂ ಇದಕ್ಕೂ ಏನು ವ್ಯತ್ಯಾಸ? ಚುಕ್ಕಾಣಿ ಎಲ್ಲಿರುತ್ತದೆ? ಫ್ರೀಸ್ಟೈಲ್ ಎಂಬುದು ಹೊಸದಾಗಿ ಬಂದ ಶೋಕಿಯೇ?


ಕೊಯೋಟಿ ಪಾಯಿಂಟ್

ಬಹಳ ಒಳ್ಳೆಯ ಪ್ರಶ್ನೆ. ಚುಕ್ಕಾಣಿ ಇಲ್ಲವೇ ಇಲ್ಲ. ದೋಣಿಯಲ್ಲಿ ಕೂವೆಮರ ನೆಟ್ಟಗೆ ನಾಟಿರುತ್ತದೆ. ಇಲ್ಲಿ ಅದರ ಬುಡಕ್ಕೆ ಎಲ್ಲ ದಿಕ್ಕಿಗೂ ಬಾಗುವ ಕೀಲು ಇದೆ. ಹಾಯಿಯನ್ನು ಎತ್ತಿ ಹಿಡಿಯುವುದು ನಿಮ್ಮ ಎರಡು ಕೈಗಳು. ಮುಂದಕ್ಕೆ ವಾಲಿಸಿದರೆ ಹಲಗೆ ಗಾಳಿಗೆ ಬೆನ್ನು ಮಾಡುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಗೆ ಮುಖ ಮಾಡುತ್ತದೆ. ಚುಕ್ಕಾಣಿಯೂ ನೀವೇ, ಕೂವೆಯ ಹಗ್ಗವೂ ನೀವೇ. ಕ್ಯಾಲಿಫೋರ್ನಿಯದ ಜಿಮ್ ಡ್ರೇಕ್ ಮತ್ತು ಹೊಯ್ಲ್ ಶ್ವೈಟ್ಜರ್ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1968ರಲ್ಲಿ. ಅದಕ್ಕೂ ಮೊದಲೇ ನ್ಯೂಮನ್ ಡಾರ್ಬಿ ಎಂಬ ಇನ್ನೊಬ್ಬ ಅಮೆರಿಕನ್ನರು ಹಾಯಿಹಲಗೆ ಮಾಡಿದ್ದರು. ಯಾರು ಮೊದಲು ಎಂಬ ವಾದ ಕೋರ್ಟಿನವರೆಗೂ ಹೋಗಿದೆ. ಅದು ಬೇರೆಯೇ ಕಥೆ.

ಫ್ರೀಸ್ಟೈಲ್ ಶೋಕಿಯೂ ಅಲ್ಲ, ಹೊಸದೂ ಅಲ್ಲ. ಮೊದಲ ಹಲಗೆಗಳು ಹನ್ನೆರಡು ಅಡಿ ಉದ್ದ, ತೇಗದ ಬೂಮ್. ಬೂಮ್ ಎಂದರೆ ಹಾಯಿಯ ಎರಡೂ ಬದಿಯನ್ನು ಬಳಸಿ ಬರುವ ಹಿಡಿಕೆ. ಗಾಳಿ ಕಡಿಮೆ ಇದ್ದ ದಿನ ಆ ಹಲಗೆಯ ಮೇಲೆ ಏನು ಮಾಡಬೇಕು? ಆಡಬೇಕು. ಹಲಗೆಯನ್ನು ಅಂಚಿನ ಮೇಲೆ ಎಬ್ಬಿಸಿ, ಆ ಅಂಚಿನ ಮೇಲೆ ನಿಂತು ಹಾಯಿ ನಡೆಸುವುದು, ಬೆನ್ನು ಕೊಟ್ಟು ನಡೆಸುವುದು, ತಲೆಗೂದಲು ನೀರಿಗೆ ತಾಗುವಷ್ಟು ಹಿಂದಕ್ಕೆ ಬಾಗುವುದು. 1976ರಲ್ಲಿ ಬಹಾಮಾಸ್‌ನಲ್ಲಿ ವಿಶ್ವ ಚಾಂಪಿಯನ್ ಆದ ರಾಬಿ ನೈಶ್‌ಗೆ ಆಗ ಹದಿಮೂರು ವರ್ಷ. ಹಲಗೆಯನ್ನು ಅಂಚಿನ ಮೇಲೆ ಎಬ್ಬಿಸಿದ್ದೂ ಅದೇ ಹುಡುಗನ ಆಟ.

ಆಮೇಲೆ ಗಿಡ್ಡ ಹಲಗೆಗಳು ಬಂದವು, ಎಲ್ಲರ ಕಣ್ಣು ಹವಾಯಿಯ ದೊಡ್ಡ ಅಲೆಗಳ ಕಡೆಗೆ, ವೇಗದ ಕಡೆಗೆ ಹೋಯಿತು. 1990ರ ದಶಕದ ಕೊನೆಯಲ್ಲಿ ಫ್ರೀಸ್ಟೈಲ್ ಮತ್ತೆ ಹುಟ್ಟಿತು. ಈ ಸಲ ಬಿರುಗಾಳಿಯಲ್ಲಿ, ಸಪಾಟು ನೀರಿನಲ್ಲಿ, ಜಾರುವ ಆಟವಾಗಿ. ಕೆರಿಬಿಯನ್ ಕಡಲಿನ ಬೊನೇರ್ ದ್ವೀಪದ ಲಾಕ್ ಕೊಲ್ಲಿ, ವೆನೆಜುವೆಲಾದ ಮಾರ್ಗರಿಟಾ ದ್ವೀಪದ ಎಲ್ ಯಾಕೆ ಊರು: ಎರಡೂ ಕಡೆ ನೀರು ಸೊಂಟದ ಮಟ್ಟ, ಗಾಳಿ ದಿನವೂ ಒಂದೇ ಸಮ. ಎಲ್ ಯಾಕೆಯ ಗೊಯಿತೊ ಎಸ್ಟ್ರೆಡೊ ಒಂಬತ್ತು ಬಾರಿ ವಿಶ್ವ ಫ್ರೀಸ್ಟೈಲ್ ಚಾಂಪಿಯನ್. ಅದೇ ಕಡಲಿನ ಅರೂಬಾ ದ್ವೀಪದ ಸಾರಾ-ಕೀಟಾ ಆಫ್ರಿಂಗಾ ಮಹಿಳೆಯರಲ್ಲಿ ವರ್ಷಗಟ್ಟಲೆ ಸೋಲನ್ನೇ ಕಾಣದಂತೆ ಆಡಿದವರು. ಅವರ ವಿಡಿಯೊಗಳನ್ನು ನೋಡಿ. ನಿಧಾನ ಗತಿಯಲ್ಲಿ ಇಟ್ಟು ನೋಡಿ.


ಫಿನ್ ಹಿಡಿದವನು

ನಾನು ನೆದರ್ಲೆಂಡ್ಸ್‌ನಲ್ಲಿ 1991ರಿಂದ ಇದ್ದೇನೆ, ಧಾರವಾಡದವನು, ನಿಮ್ಮದೇ ವಯಸ್ಸು. ನಿಮ್ಮ ಬರವಣಿಗೆ ಇಷ್ಟವಾಯಿತು. ಆದರೆ ಒಂದು ಮಾತು ನೇರವಾಗಿ ಹೇಳಬೇಕು.

1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ವಿಂಡ್‌ಸರ್ಫಿಂಗ್ ಮೊದಲ ಬಾರಿ ಸೇರಿದಾಗ ಚಿನ್ನ ಗೆದ್ದದ್ದು ಡಚ್ಚರ ಸ್ಟೀಫನ್ ವಾನ್ ಡೆನ್ ಬರ್ಗ್. ನಾನು ಬಂದಾಗಲೂ ಆ ಹುರುಪು ಇಳಿದಿರಲಿಲ್ಲ. ಭಾನುವಾರ ಹೆದ್ದಾರಿಗೆ ಬಂದರೆ ಕಾರುಗಳ ನೆತ್ತಿಯ ಮೇಲೆಲ್ಲ ಹಲಗೆಗಳು. ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಕೆರೆಯಲ್ಲಿ. ಈಗ ಅದೇ ಕೆರೆಯಲ್ಲಿ ನಾನು ಒಬ್ಬನೇ ಇರುವ ದಿನಗಳಿವೆ. ಪತ್ರಿಕೆಗಳು, ಜಾಹೀರಾತುಗಳು ಬರೀ ಹಾರುವವರನ್ನೇ ತೋರಿಸಿದವು. ಸಾಮಾನ್ಯ ಮನುಷ್ಯ ನೋಡಿ, ಇದು ನನಗಲ್ಲ ಎಂದು ಮನೆಗೆ ಹೋದ. ಫ್ರೀಸ್ಟೈಲ್ ನಮ್ಮ ಆಟದ ಬಾಗಿಲನ್ನು ಚಿಕ್ಕದು ಮಾಡಿತು ಎಂಬುದು ನನ್ನ ನೋವು. ಚೆಂದ ಇಲ್ಲವೆಂದು ನಾನು ಹೇಳುತ್ತಿಲ್ಲ.


ಕೊಯೋಟಿ ಪಾಯಿಂಟ್

ನಿಮ್ಮ ನೋವು ನನಗೂ ಗೊತ್ತು. ನಾನು ಇಲ್ಲಿ ಹೆಸರಾಗಿ ಇಟ್ಟುಕೊಂಡಿರುವ ನಮ್ಮ ಕೊಯೋಟಿ ಪಾಯಿಂಟ್ ದಡದಲ್ಲೂ ಒಂದು ಕಾಲದಲ್ಲಿ ಶನಿವಾರ ಕಾರು ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ.

ಆದರೆ ತಪ್ಪನ್ನು ಫ್ರೀಸ್ಟೈಲ್ ತಲೆಗೆ ಕಟ್ಟುವುದು ಸರಿಯಲ್ಲ. ನೀವು ಹೇಳುವ ಆ ಅಪ್ಪ ಅಮ್ಮಂದಿರು ಹೋಗತೊಡಗಿದ್ದು ಫ್ಲಾಕಾ ಹುಟ್ಟುವುದಕ್ಕೂ ಮೊದಲೇ. ನೆನಪಿಸಿಕೊಳ್ಳಿ, ಮುಳುಗುವ ಹಲಗೆಗಳ ಕಾಲ ಅದು. ಸೌದೆಸೀಳಿನಂತೆ ಕಿರಿದಾದ ಹಲಗೆ. ಗಾಳಿ ಇಪ್ಪತ್ತು ನಾಟ್ ದಾಟದಿದ್ದರೆ ನಿಮ್ಮನ್ನು ಹೊರುತ್ತಲೇ ಇರಲಿಲ್ಲ. ಇಲ್ಲಿ ನಾಲ್ಕು ಹಾಯಿ, ಮೂರು ಹಲಗೆ, ಎರಡು ಕೂವೆಮರ ಇಲ್ಲದವನು ವಿಂಡ್‌ಸರ್ಫರೇ ಅಲ್ಲ ಎಂಬಂತಾಯಿತು. ಸಂಬಳವೆಲ್ಲ ಅದಕ್ಕೇ. ಅದರ ಬೆನ್ನಿಗೇ ದೊಡ್ಡ ಗಾಳಿಪಟ ಎಳೆದಂತೆ ಹಲಗೆಯ ಮೇಲೆ ಜಾರುವ ಕೈಟ್‌ಸರ್ಫಿಂಗ್ ಬಂತು. ಒಂದು ಚೀಲದಲ್ಲಿ ಎಲ್ಲ ಹಿಡಿಸುವ ಆಟ.

ಇನ್ನೊಂದು ವಿಷಯ ನೋಡಿ. ಇಂದು ನೀವೂ ನಾನೂ ಅರವತ್ತು ದಾಟಿಯೂ ಹಾಯಾಗಿ ನಿಲ್ಲುವ ಹಲಗೆಗಳು ಗಿಡ್ಡ, ಅಗಲ. 2000ದ ಆಸುಪಾಸಿನಲ್ಲಿ ಹಲಗೆಗಳು ಹೀಗಾದದ್ದಕ್ಕೆ ಫಾರ್ಮುಲಾ ಎಂಬ, ಅಗಲ ಹಲಗೆಗಳ ಓಟದ ಸ್ಪರ್ಧೆ ಒಂದು ಕಾರಣ, ಫ್ರೀಸ್ಟೈಲ್ ಇನ್ನೊಂದು. ಜಾರಲು, ತಿರುಗಲು, ತಪ್ಪು ಇಳಿದರೂ ಹೊತ್ತು ನಿಲ್ಲಲು ಅವರಿಗೆ ನಡುವಿನಲ್ಲಿ ತುಂಬಿಕೊಂಡ ಹಲಗೆ ಬೇಕಿತ್ತು. ಎರಡು ಮೀಟರ್ ಮೂವತ್ತು ಸೆಂಟಿಮೀಟರ್ ಉದ್ದ, ಅರವತ್ತಕ್ಕೂ ಹೆಚ್ಚು ಸೆಂಟಿಮೀಟರ್ ಅಗಲ, ನೂರು ಲೀಟರಿನ ಆಸುಪಾಸು. ಫಿನ್ ನೋಡಿದರೆ ಒಂದು ಗೇಣು. ಇಂಥ ಹಲಗೆಗೆ 4.8 ಚದರ ಮೀಟರಿನ ಒಂದೇ ಹಾಯಿ ಇಟ್ಟುಕೊಂಡು ಇಡೀ ಬೇಸಿಗೆ ಆಡುವ ಮಕ್ಕಳನ್ನು ನಾನು ನೋಡಿದ್ದೇನೆ. ದೂರದ ಅಲೆ ಬೇಡ, ಹವಾಯಿಯ ಟಿಕೆಟ್ ಬೇಡ. ದಡದಿಂದ ಕೂಗಿದರೆ ಕೇಳುವಷ್ಟು ನೀರು ಸಾಕು. ಬಾಗಿಲು ಚಿಕ್ಕದಾಯಿತೆಂದು ನನಗೆ ಅನ್ನಿಸುವುದಿಲ್ಲ.

ಜಾಹೀರಾತುಗಳ ಬಗ್ಗೆ ಮಾತ್ರ ನೀವು ಹೇಳಿದ್ದು ನೂರಕ್ಕೆ ನೂರು ಸರಿ.


ಜೊಂಡು

ಸರ್, ನಾನು ಶರ್ಮನ್ ಐಲೆಂಡ್‌ನಲ್ಲೇ ಕಲಿತವಳು. ನೀವು ಎಣಿಸಿದ ಹುಡುಗಿ ನಾನಲ್ಲ, ನಾನು ಬಂದದ್ದು 2022ರಲ್ಲಿ. ಆದರೆ ಏರಿಯ ಮೇಲೆ ಕೂರುವ ಹಿರಿಯರ ಬಗ್ಗೆ ನನಗೆ ಹೇಳಬೇಕಾದದ್ದು ಇದೆ.

ಎಲ್ಲರೂ ಮೊದಲು ಕಲಿಯುವುದು ವಲ್ಕನ್. ಹಲಗೆಯನ್ನು ಚಿಮ್ಮಿಸಿ ಗಾಳಿಯ ಇಳಿಬದಿಗೆ, ಅಂದರೆ ಗಾಳಿ ಹೋಗುವ ಕಡೆಗೆ, ಅರ್ಧ ಸುತ್ತು ತಿರುಗಿಸುತ್ತೇವೆ. ಗಾಳಿಯಲ್ಲಿರುವಾಗಲೇ ಕೈಗಳು ಬೂಮಿನ ಈ ಬದಿ ಬಿಟ್ಟು ಆ ಬದಿ ಹಿಡಿಯಬೇಕು. ಹಿಂದಿನ ಕೈ ಮೊದಲು ಹೋಗುತ್ತದೆ. ಕಾಲುಗಳು ಮಾತ್ರ ಹಲಗೆಯ ಕಾಲುಪಟ್ಟಿಗಳಲ್ಲಿ ಹಾಗೆಯೇ ಇರುತ್ತವೆ, ಆದ್ದರಿಂದ ಇಳಿದಾಗ ಮೈ ತಿರುಚಿಕೊಂಡಿರುತ್ತದೆ. ಎರಡು ಬೇಸಿಗೆ ನನಗೆ ಕೈ ಸಿಗಲೇ ಇಲ್ಲ. ಪ್ರತಿ ಸಲವೂ ಬೂಮ್ ಬೆರಳ ತುದಿಗೆ ತಾಗಿ ಜಾರಿಹೋಗುತ್ತಿತ್ತು. ಮೊಣಕಾಲಿನ ಕೆಳಗೆಲ್ಲ ನೀಲಿಗಟ್ಟಿತ್ತು. ಒಂದು ದಿನ ದಡದಲ್ಲಿ ಅಳುತ್ತಾ ಕೂತಿದ್ದೆ.

ಅಲ್ಲಿ ದಿನವೂ ಬರುವ ಅಮೆರಿಕನ್ ಹಿರಿಯರೊಬ್ಬರಿದ್ದಾರೆ, ಎಪ್ಪತ್ತು ದಾಟಿದವರು. ಜೀವನದಲ್ಲಿ ಒಂದು ವಲ್ಕನ್ ಮಾಡಿದವರಲ್ಲ. ಹತ್ತಿರ ಬಂದು, ನೀನು ಹಾರುವಾಗ ನೀರನ್ನು ನೋಡುತ್ತೀಯ, ಹಾಯಿಯ ಹಿಂದಿನ ಮೂಲೆಯ ಕಡೆ ತಲೆ ತಿರುಗಿಸು ಎಂದರು. ಅಷ್ಟೇ. ತಲೆ ತಿರುಗಿದರೆ ಹೆಗಲು ತಿರುಗುತ್ತದೆ, ಹೆಗಲು ತಿರುಗಿದರೆ ಕೈ ತಾನಾಗಿ ಆ ಬದಿಗೆ ಹೋಗುತ್ತದೆ. ಅದೇ ಸಂಜೆ ಎರಡು ಸಲ ಬೂಮ್ ಸಿಕ್ಕಿತು. ಮೂರನೆಯ ವಾರ ಇಳಿದು ಹಿಮ್ಮುಖವಾಗಿ ಜಾರಿದೆ. ನೀರು ಹಲಗೆಯ ಮೂತಿಯ ಎರಡೂ ಕಡೆ ಸರ್ರೆಂದು ಹರಿದು ಹೋಗುವ ಸದ್ದು ಇನ್ನೂ ಕಿವಿಯಲ್ಲಿದೆ. ತಲೆ ಎತ್ತಿ ಏರಿಯ ಕಡೆ ನೋಡಿದೆ. ಅವರು ಎರಡೂ ಕೈ ಮೇಲೆತ್ತಿ ನಿಂತಿದ್ದರು.

ನಮ್ಮ ಮನೆಯವರು ಸಾವಿರ ವಿಡಿಯೊ ನೋಡಿ ಚಪ್ಪಾಳೆ ತಟ್ಟುತ್ತಾರೆ, ಅದೂ ಖುಷಿಯೇ. ಆದರೆ ಬಿದ್ದ ಮೂವತ್ತೆಂಟು ಸಲಗಳಲ್ಲಿ ಏನು ಬೇರೆಯಾಗಿತ್ತು ಎಂದು ಕಂಡವರ ಚಪ್ಪಾಳೆ ಬೇರೆ. ದಯವಿಟ್ಟು ಏರಿಗೆ ಬರುವುದನ್ನು ನಿಲ್ಲಿಸಬೇಡಿ.


ಶಾಂಭವಿ ಅಳಿವೆ

ನಾನು ಸಸಿಹಿತ್ಲು ಕಡೆಯವನು. ಶಾಂಭವಿ, ನಂದಿನಿ ಎರಡೂ ಹೊಳೆ ಸೇರಿ ಕಡಲಿಗೆ ಬೀಳುವ ಜಾಗ. ಇಲ್ಲಿ ಅಲೆಯ ಮೇಲಿನ ಸರ್ಫಿಂಗ್ ಚೆನ್ನಾಗಿ ಬೇರೂರಿದೆ, ರಾಷ್ಟ್ರಮಟ್ಟದ ಸ್ಪರ್ಧೆಗಳೂ ನಡೆದಿವೆ. ಹಾಯಿಹಲಗೆ ಮಾತ್ರ ಕಂಡದ್ದು ಕಡಿಮೆ.

ಈ ಚರ್ಚೆ ಓದುವಾಗ ನನಗೆ ನೆನಪಾದದ್ದು ನನ್ನ ದೊಡ್ಡಪ್ಪ. ಯಕ್ಷಗಾನದ ತೆಂಕುತಿಟ್ಟಿನಲ್ಲಿ ಪುಂಡುವೇಷ ಮಾಡುತ್ತಿದ್ದರು. ಅಭಿಮನ್ಯು, ಬಬ್ರುವಾಹನ. ಚೆಂಡೆಯ ಪೆಟ್ಟಿಗೆ ರಂಗಸ್ಥಳದ ತುಂಬ ಧೀಂಗಿಣ ಹಾರುತ್ತಿದ್ದರಂತೆ. ನಾನು ಕಂಡದ್ದು ಅವರ ಕಾಲುಗಂಟು ಸವೆದ ಮೇಲೆ. ಆಗ ಅವರು ಆಟಕ್ಕೆ ಬಂದರೆ ಎದುರು ಸಾಲಿನಲ್ಲಿ ಕೂರುತ್ತಿರಲಿಲ್ಲ. ಬದಿಯಲ್ಲಿ, ಹುಡುಗ ನೆಲಕ್ಕೆ ಇಳಿಯುವ ಪಾದ ಕಾಣುವಲ್ಲಿ ಕೂರುತ್ತಿದ್ದರು. ಜನ ಎಷ್ಟು ಸುತ್ತು ಹಾರಿದನೆಂದು ಎಣಿಸಿದರೆ ಇವರು ಹಿಮ್ಮಡಿ ತಾಗಿತೇ, ಪಾದದ ಮುಂಭಾಗ ತಾಗಿತೇ ಎಂದು ನೋಡುತ್ತಿದ್ದರು. ಸರಿಯಾಗಿ ಇಳಿದ ಪ್ರತಿ ಸಲ ಅವರ ಬೆರಳು ತೊಡೆಯ ಮೇಲೆ ಒಂದು ಪೆಟ್ಟು ಹಾಕುತ್ತಿತ್ತು, ಚೆಂಡೆಯ ಜೊತೆಗೇ. ಮುಗಿದ ಮೇಲೆ ಚೌಕಿಗೆ ಹೋಗಿ ಆ ಹುಡುಗನ ಹೆಗಲು ಮುಟ್ಟಿ ಬರುತ್ತಿದ್ದರು. ಅವರನ್ನು ನಿವೃತ್ತರು ಎಂದು ಮೇಳದವರು ಯಾರೂ ಅಂದದ್ದು ನಾನು ಕೇಳಿಲ್ಲ.

ಒಂದು ಪ್ರಶ್ನೆಯೂ ಇದೆ. ಫೆಬ್ರುವರಿಯಿಂದ ಮೇವರೆಗೆ ಮಧ್ಯಾಹ್ನ ಇಲ್ಲಿ ಪಡುಗಾಳಿ ಏಳುತ್ತದೆ. ಅಳಿವೆಯ ಒಳಗೆ ನೀರು ಸಪಾಟು. ಇಲ್ಲಿ ಕಲಿಯಲು ಆದೀತೇ?


ಕೊಯೋಟಿ ಪಾಯಿಂಟ್

ನಿಮ್ಮ ದೊಡ್ಡಪ್ಪನವರು ಕೂತಿದ್ದ ಜಾಗದ ಬಗ್ಗೆ ಓದಿ ಬಹಳ ಹೊತ್ತು ಸುಮ್ಮನೆ ಇದ್ದೆ. ನಾನು ಏರಿಯ ಮೇಲೆ ಕೂರುವುದೂ ನಡುವಿನಲ್ಲಲ್ಲ, ಗಾಳಿಯ ಇಳಿಬದಿಯ ತುದಿಯಲ್ಲಿ. ಅಲ್ಲಿಂದ ಫಿನ್ ನೀರು ಬಿಡುವುದು ಕಾಣುತ್ತದೆ.

ಅಳಿವೆಯ ವಿಷಯ. ಪಡುಗಾಳಿ ಕಡಲಿನಿಂದ ನೆಲದ ಕಡೆ ಬೀಸುವುದರಿಂದ ಕೈಸೋತವನನ್ನು ಅದು ದಡಕ್ಕೇ ತರುತ್ತದೆ, ಅದು ಒಳ್ಳೆಯದು. ಬೆಳಗಿನ ನೆಲಗಾಳಿ ಹೊರಕ್ಕೆ ಒಯ್ಯುತ್ತದೆ, ಆಗ ಇಳಿಯಬಾರದು. ಅಳಿವೆಯ ಬಾಯಿಯಲ್ಲಿ ಇಳಿತದ ಸೆಳೆತ ಎಂಥದೆಂದು ನಿಮ್ಮ ಊರಿನ ಮೀನುಗಾರರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಾರದು. ಅವರನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಮಳೆಗಾಲದ ಮಾತು ಬೇಡವೇ ಬೇಡ, ದೋಣಿಗಳೇ ದಡ ಸೇರಿರುವ ಕಾಲ ಅದು. ನೆಗೆಯುವ ಫ್ರೀಸ್ಟೈಲ್‌ಗೆ ಆ ಗಾಳಿ ಸಾಲದಿರಬಹುದು. ಆದರೆ ಹಳೆಯ ಫ್ರೀಸ್ಟೈಲ್‌ಗೆ ಧಾರಾಳ ಸಾಕು.

ಅದನ್ನೇ ಈಗ ನಾನೂ ಮಾಡುತ್ತಿದ್ದೇನೆ. ಕಳೆದ ವರ್ಷ ಬಳಸಿದ ಉದ್ದ ಹಲಗೆಯೊಂದು ಸಿಕ್ಕಿತು, ಮೂರೂವರೆ ಮೀಟರಿನದು. ಕೊಯೋಟಿ ಪಾಯಿಂಟ್‌ನಲ್ಲಿ ಗಾಳಿ ಬಲಿಯುವ ಮೊದಲು, ಹನ್ನೊಂದರಿಂದ ಒಂದರವರೆಗೆ, ಮೊಣಕಾಲಿಗೆ ಭಾರ ಬೀಳದ ಪಟ್ಟುಗಳನ್ನು ಕಲಿಯುತ್ತೇನೆ. ಹೆಲಿಕಾಪ್ಟರ್ ಟ್ಯಾಕ್ ಎಂಬುದಿದೆ. ಹಲಗೆಯನ್ನು ಗಾಳಿಗೆ ಮುಖ ಮಾಡಿಸಿ, ಹಾಯಿಯ ತಪ್ಪು ಬದಿಗೆ ಗಾಳಿ ಬೀಳಲು ಬಿಟ್ಟು, ಎದೆಯಿಂದ ಬೂಮನ್ನು ಮೆಲ್ಲಗೆ ತಳ್ಳುತ್ತಾ ಇರಬೇಕು. ಹಲಗೆ ತಿರುಗಿದ ಮೇಲೆ ಹಾಯಿ ಮೂತಿಯ ಮೇಲಿನಿಂದ ಒಂದು ಸುತ್ತು ಬಂದು ಕೈಗೆ ಸೇರುತ್ತದೆ. ಆ ತಳ್ಳುವ ಹೊತ್ತಿನಲ್ಲಿ ನನಗೆ ಫ್ಲಾಕಾದ ಅರ್ಥ ಆಯಿತು. ಅದೇ ತಪ್ಪು ಗಾಳಿ, ಅದೇ ತಳ್ಳು. ಅವರು ಅರೆಕ್ಷಣದಲ್ಲಿ ಮಾಡುವುದನ್ನು ನಾನು ಹತ್ತು ಎಣಿಸುವಷ್ಟು ಹೊತ್ತಿನಲ್ಲಿ ಮಾಡುತ್ತೇನೆ. ಮೂವತ್ತು ವರ್ಷ ಎಳೆಯುವುದನ್ನು ಮಾತ್ರ ಬಲ್ಲವನಾಗಿದ್ದೆ. ಈ ಮಕ್ಕಳನ್ನು ನೋಡಿದ ಮೇಲೆ ತಳ್ಳುವುದನ್ನು ಕಲಿತೆ.


ಫಿನ್ ಹಿಡಿದವನು

ಎರಡು ವಾರ ಉತ್ತರಿಸದಿದ್ದಕ್ಕೆ ಕ್ಷಮಿಸಿ. ಸುಮ್ಮನೆ ವಾದ ಮಾಡುವುದಕ್ಕಿಂತ ಹೋಗಿ ನೋಡೋಣವೆಂದು ಬ್ರೌವರ್ಸ್‌ಡಾಮ್‌ಗೆ ಹೋದೆ. ಕಡಲಿಗೆ ಕಟ್ಟಿದ ಅಣೆಕಟ್ಟು ಅದು. ಒಂದು ಕಡೆ ಉತ್ತರ ಸಮುದ್ರದ ಅಲೆ, ಇನ್ನೊಂದು ಕಡೆ ಸರೋವರದ ಸಪಾಟು ನೀರು. ಇಷ್ಟು ವರ್ಷ ನಾನು ಅಲ್ಲಿ ಹಲಗೆ ಇಳಿಸಿ ನೇರ ದೂರ ಹೋಗುತ್ತಿದ್ದೆ. ಈ ಸಲ ದಡದಲ್ಲಿ ನಿಂತೆ.

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಕೆರೆಗಳು ಖಾಲಿಯಾದದ್ದು ಖಾಲಿಯಾದದ್ದೇ. ಆದರೆ ಒಂದು ಸಂಗತಿ ಕಂಡೆ. ಒಬ್ಬ ಹುಡುಗ ಬಿದ್ದಾಗ ಹತ್ತಿರ ಇದ್ದ ಇನ್ನಿಬ್ಬರು ತಮ್ಮ ಓಟ ನಿಲ್ಲಿಸಿ, ನೀರಿನಲ್ಲೇ ಕೂತು, ಕೈಸನ್ನೆ ಮಾಡಿ ಏನೋ ಹೇಳುತ್ತಿದ್ದರು. ನಾವು ವೇಗದವರು ಒಬ್ಬರನ್ನೊಬ್ಬರು ದಾಟಿ ಹೋಗುತ್ತೇವೆ, ನಿಲ್ಲುವುದಿಲ್ಲ. ಇವರದು ಕೂಡಿ ಆಡುವ ಆಟ. ಅದು ನನಗೆ ಗೊತ್ತಿರಲಿಲ್ಲ.


ಜೊಂಡು

ಕೊಯೋಟಿ ಸರ್, ಈ ಶನಿವಾರ ಭರತದ ನೀರು ಮಧ್ಯಾಹ್ನ ಎರಡರ ನಂತರ ಏರುತ್ತದೆ. ಗಾಳಿ, ನೀರು ಎರಡೂ ಒಂದೇ ಕಡೆಗೆ ಹೋಗುವುದರಿಂದ ಅಲೆ ಚಪ್ಪಟೆಯಾಗುತ್ತದೆ, ನಮಗೆ ಅದು ಬೇಕು. ನಾನು ಫ್ಲಾಕಾ ಹಿಡಿದಿದ್ದೇನೆ, ಎಡಗಡೆಗೆ ಇನ್ನೂ ಬರುತ್ತಿಲ್ಲ. ನೀವು ಇಳಿಬದಿಯ ತುದಿಯಲ್ಲಿ ಕೂತರೆ ನನ್ನ ಎದೆ ಎಲ್ಲಿದೆ ನೋಡಿ ಹೇಳುತ್ತೀರಾ?


ಕೊಯೋಟಿ ಪಾಯಿಂಟ್

ಬರುತ್ತೇನಮ್ಮ. ಒಂದೂವರೆಗೇ ಬಂದಿರುತ್ತೇನೆ.


ಮೈಸೂರು ಓದುಗ

ಸರ್, ನೀವು ಹೇಳಿದ ಗೊಯಿತೊ ಅವರ ವಿಡಿಯೊ ಹುಡುಕಿ ನೋಡಿದೆ. ಮೊದಲ ಸಲ ಏನೂ ತಿಳಿಯಲಿಲ್ಲ, ಬಣ್ಣ ಬಣ್ಣದ ಗಿರಗಿಟ್ಲೆ ಅಷ್ಟೆ. ನಿಧಾನ ಗತಿಯಲ್ಲಿ ಇಟ್ಟು ಮೂರನೆಯ ಸಲ ನೋಡಿದಾಗ ಹಲಗೆಯ ಮೂತಿ ನೀರಿಗೆ ತಾಗಿ ಹಿಮ್ಮುಖವಾಗಿ ಜಾರಿದ್ದು ಕಾಣಿಸಿತು. ಮನೆಯವರನ್ನೂ ಕರೆದು ತೋರಿಸಿದೆ. ಆದರೆ ಗಾಳಿ ತಪ್ಪು ಬದಿಗೆ ಬೀಳುವ ಕ್ಷಣ ಮಾತ್ರ ಇನ್ನೂ ಸಿಕ್ಕಿಲ್ಲ. ಅದಕ್ಕೆ ಎಲ್ಲಿ ನೋಡಬೇಕು?


ಕೊಯೋಟಿ ಪಾಯಿಂಟ್

ಹಾಯಿಯನ್ನು ನೋಡಬೇಡಿ, ಗಾಳಿ ಅಲ್ಲಿ ಕಾಣುವುದಿಲ್ಲ. ತೋಳನ್ನು ನೋಡಿ. ಅಲ್ಲಿಯವರೆಗೆ ಬೂಮನ್ನು ಎಳೆಯುತ್ತಿದ್ದ ತೋಳು ತಳ್ಳಲು ಶುರು ಮಾಡಿದ ಗಳಿಗೆಯೇ ಅದು.